ಮಡಿಲಿಗೆ ಬಂದ ದಿನದಿಂದ

ಛತ್ರಿ ರಿಪೇರಿಗೆ ಬಂದರೆ ಅಜ್ಜಿ ಮೊದಲಿಗೇ ಅದನ್ನು ಬಿಚ್ಚುತ್ತಿರಲಿಲ್ಲ. ಮಡಿಲಲ್ಲಿ ಮಲಗಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಸವರುತ್ತಿದ್ದಳು. ಯಾವ ಕಡ್ಡಿ ಬಾಗಿದೆ, ಯಾವುದಕ್ಕೆ ತುಕ್ಕು ಹಿಡಿದಿದೆ, ಬಟ್ಟೆಯನ್ನು ಕಡ್ಡಿಗೆ ಕಟ್ಟಿದ ಯಾವ ದಾರ ಬಿಗಿಯಾಗಿ ಜಗ್ಗುತ್ತಿದೆ ಎಂಬುದೆಲ್ಲ ಬೆರಳಿಗೇ ತಿಳಿಯುತ್ತಿತ್ತು. ಆಮೇಲೆಯೇ ಬಿಚ್ಚುವುದು. ಗಿರಾಕಿಗಳಿಗೆ ಇದು ತಮಾಷೆ.

"ಏನಜ್ಜಿ, ಛತ್ರಿಗೆ ಜೋಗುಳ ಹಾಡ್ತಿದ್ದೀಯಾ?"

"ಹೂಂ ಕಣಪ್ಪ. ನಿನ್ನ ಹಾಗೇ ಇದೂ ಹಟಮಾರಿ" ಎನ್ನುವಳು ಅಜ್ಜಿ, ಕಣ್ಣು ತೆರೆಯದೆ.

ಅವಳ ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದು. ನಿಂತರೆ ತಲೆ ತಾಗುತ್ತದೆ, ಕೂತರೆ ಸರಿಹೋಗುತ್ತದೆ. ನೆತ್ತಿಯ ಮೇಲೆ ದಿನವಿಡೀ ಜನ ಹತ್ತುತ್ತಾರೆ, ಇಳಿಯುತ್ತಾರೆ. ಗೋಡೆಯ ಮೊಳೆಗಳಲ್ಲಿ ಛತ್ರಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತವೆ. ಚೀಟಿ ಇಲ್ಲ, ಪುಸ್ತಕ ಇಲ್ಲ. ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೆ. ನೆನಪು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ. ಹನ್ನೊಂದು ವರ್ಷದ ಹಿಂದೆ ಬಿಟ್ಟುಹೋದ ಛತ್ರಿಯನ್ನು ಕೇಳಿಕೊಂಡು ಬಂದವನೊಬ್ಬನಿಗೆ, "ಮರದ ಹಿಡಿ, ನಾಲ್ಕನೇ ಕಡ್ಡಿ ಮುರಿದಿತ್ತು. ಆವತ್ತು ನಿನಗೆ ಮೀಸೆ ಇತ್ತು" ಎಂದು ಹೇಳಿ ಛತ್ರಿ ತೆಗೆದುಕೊಟ್ಟವಳು ಅವಳು.

ಆ ಅಂಗಡಿಗೆ ಒಂದು ನೇಮವಿತ್ತು, ಗಂಡ ಬದುಕಿದ್ದಾಗ ಮಾಡಿದ್ದು. 'ಮೂರು ದಿನ' ಎಂದರೆ ಗಿರಾಕಿ ಛತ್ರಿ ಕೊಟ್ಟುಹೋದ ದಿನದಿಂದ ಮೂರು ದಿನವಲ್ಲ. ಮೊಳೆಯಲ್ಲಿ ತೂಗುವ ದಿನಗಳು ಎಣಿಕೆಗೇ ಇಲ್ಲ. ಮೊಳೆಯಿಂದ ಇಳಿದು ಮಡಿಲಿಗೆ ಬಂದ ದಿನವೇ ಒಂದನೇ ದಿನ. ಗಿರಾಕಿಗಳು ಬಯ್ದುಕೊಂಡೇ ಇದಕ್ಕೆ ಒಗ್ಗಿದ್ದರು. ನಲವತ್ತು ವರ್ಷ ಹೀಗೆ ಎಣಿಸಿದ ಮೇಲೆ, ದಿನಗಳನ್ನು ಬೇರೆ ಥರವೂ ಎಣಿಸಬಹುದು ಎಂಬುದು ಅಜ್ಜಿಗೆ ಹೊಳೆಯುತ್ತಲೇ ಇರಲಿಲ್ಲ.

ಅವಳ ಮಗಳಿಗೆ ಏಳು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ಗಂಡಸರ ದೊಡ್ಡ ಛತ್ರಿ ಎರಡನ್ನು ಜೋಡಿಸಿ ಹಿಡಿದರೆ ಎಷ್ಟೋ ಅಷ್ಟೇ ತೂಕ. ಹುಟ್ಟಿದ ಕೂಡಲೇ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, ಮೂಗಿಗೆ ದಾರದಷ್ಟು ತೆಳುವಾದ ಕೊಳವೆ ಇಟ್ಟರು. ಅಜ್ಜಿ ದಿನವೂ ಹೋಗಿ ಗಾಜಿನ ಈಚೆ ನಿಲ್ಲುವಳು. ಒಳಗೆ ಬೆಚ್ಚಗಿನ ಮಂಜು, ಹಸಿರು ದೀಪಗಳು, ಅದರ ನಡುವೆ ಕೆಂಪನೆಯ ಪುಟ್ಟ ದೇಹ. ಕೈಕಾಲು ಥೇಟು ಛತ್ರಿಯ ಕಡ್ಡಿಗಳೇ. ನೀರಿನೊಳಗಿನ ಮೀನನ್ನು ನೋಡಿದಂತೆ ನೋಡುತ್ತ ಅಜ್ಜಿ ಅಂದುಕೊಳ್ಳುವಳು: ಇದು ಇನ್ನೂ ಬಂದಿಲ್ಲ. ಬರುವ ದಾರಿಯಲ್ಲಿದೆ.

"ಕಡ್ಡಿ" ಎಂದು ಹೆಸರಿಟ್ಟವಳೂ ಅವಳೇ.

"ನನ್ನ ಮಗಳಿಗೆ ಕಡ್ಡಿ ಅಂತೀಯಲ್ಲಮ್ಮ" ಎಂದು ಮಗಳು ಮುಖ ಊದಿಸಿಕೊಂಡಳು.

"ನಿನಗೆ ಗುಂಡು ಅಂತಿದ್ದೆ. ಈಗ ನೋಡು, ಗುಂಡಗಿದ್ದೀಯಾ? ದೊಡ್ಡವಳಾದ್ಮೇಲೆ ಬೇರೆ ಹೆಸರಿಡೋಣ ಬಿಡು."

ಇಪ್ಪತ್ತಾರನೇ ದಿನ ಕಡ್ಡಿಯನ್ನು ಮನೆಗೆ ಕಳಿಸಿದರು. ಅಳಿಯ ಗಾಡಿ ಕರೆಯಲು ಓಡಿದ್ದ. ಮಗಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಬಾಗಿಲ ಹತ್ತಿರ ಹೆರಿಗೆ ಆಸ್ಪತ್ರೆಯ ನರ್ಸು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, "ಹುಟ್ಟಿ ಮೂವತ್ತು ದಿನ ತುಂಬೋದ್ರೊಳಗೆ ಕಣ್ಣಿನ ಆಸ್ಪತ್ರೇಲಿ ತೋರಿಸ್ಬೇಕಜ್ಜಿ, ಮರೀಬೇಡಿ" ಎಂದಳು. ಕಾಗದದಲ್ಲೂ ಬರೆದಿತ್ತಂತೆ. ಆ ಬರಹವನ್ನು ಯಾರೂ ಬಿಡಿಸಿ ಓದಲಿಲ್ಲ. ಅಜ್ಜಿಯ ನೆನಪು ಇರುವ ಮನೆಯಲ್ಲಿ ಕಾಗದ ಯಾರಿಗೆ ಬೇಕು?

ಅಜ್ಜಿ ಮರೆಯಲಿಲ್ಲ. ಆ ಸಂಜೆಯಿಂದಲೇ ಎಣಿಸತೊಡಗಿದಳು. ಒಂದನೇ ದಿನ. ಎರಡನೇ ದಿನ.

ಸರಿಯಾಗಿ ಮೂವತ್ತನೇ ದಿನ ಬೆಳಿಗ್ಗೆ ಮೂವರೂ ಕಡ್ಡಿಯನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದರು. ಕಣ್ಣ ಪಾಪೆ ಅಗಲವಾಗಲೆಂದು ಒಬ್ಬಳು ಮೂರು ಸಲ ಹನಿ ಹಾಕಿದಳು. ಆಮೇಲೆ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕತ್ತಲೆ ಕೋಣೆಯ ಮೇಜಿನ ಮೇಲೆ ಮಲಗಿಸಿದರು. ಕಣ್ಣಿನ ಡಾಕ್ಟರಮ್ಮ ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲೊಂದು ಗುಂಡು ಗಾಜು ಹಿಡಿದು ಬಗ್ಗಿದರು. ಬಹಳ ಹೊತ್ತು ನೋಡಿದರು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ಅವರ ಉಸಿರು ಒಮ್ಮೆ ನಿಂತು ಮುಂದುವರಿದದ್ದು ಅಜ್ಜಿಗೆ ಕೇಳಿಸಿತು.

"ಯಾವತ್ತು ಹುಟ್ಟಿದ್ದು ಮಗು?"

ಮಗಳು ಅಭ್ಯಾಸಬಲದಿಂದ ಅಮ್ಮನ ಮುಖ ನೋಡಿದಳು. ಅಜ್ಜಿ ವಾರ, ತಾರೀಖು, ಹೊತ್ತು ಎಲ್ಲ ಹೇಳಿದಳು.

"ಹಾಗಾದ್ರೆ ಇವತ್ತಿಗೆ ಐವತ್ತೈದು ದಿನ" ಎಂದರು ಡಾಕ್ಟರಮ್ಮ, ದೀಪ ಆರಿಸಿ. "ಮೂವತ್ತರೊಳಗೆ ಬರ್ಬೇಕಿತ್ತಲ್ಲಮ್ಮ. ಲೇಸರ್ ಹಾಕಿ ನಿಲ್ಲಿಸೋ ಸಮಯ ಅದು."

ಕತ್ತಲೆಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಅದೊಂದು ಪುಣ್ಯ. ನರ್ಸಿನ ಮಾತು ಅಕ್ಷರಕ್ಕೆ ಅಕ್ಷರ ಕಿವಿಯಲ್ಲಿ ಕೂತಿತ್ತು: ಹುಟ್ಟಿ ಮೂವತ್ತು ದಿನ. ಹುಟ್ಟಿ. ಮಾತು ಮರೆತಿದ್ದರೆ ಮರೆತೆ ಎನ್ನಬಹುದಿತ್ತು. ಮಾತು ಹಾಗೇ ಇತ್ತು, ಎಣಿಕೆ ಮಾತ್ರ ಮೆಟ್ಟಿಲ ಕೆಳಗಿನದು. ಗಾಜಿನ ಪೆಟ್ಟಿಗೆಯ ಇಪ್ಪತ್ತೈದು ದಿನಗಳನ್ನು ಅವಳು ಮೊಳೆಯ ಮೇಲೆ ತೂಗುಹಾಕಿಬಿಟ್ಟಿದ್ದಳು.

ಬೆಳಕಿನ ಕೋಣೆಗೆ ಬಂದ ಮೇಲೆ ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಅವಸರದಲ್ಲಿ ಹುಟ್ಟಿದ ಮಕ್ಕಳ ಕಣ್ಣೊಳಗೆ ರಕ್ತನಾಳಗಳು ಅಂಚಿನ ತನಕ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ದಾರಿ ತಪ್ಪಿ ಬೆಳೆಯುತ್ತವೆ, ನಾರಿನಂತೆ ಗಟ್ಟಿಯಾಗುತ್ತವೆ. ಕಣ್ಣಿನ ಒಳಗೋಡೆಗೆ ಅಂಟಿಕೊಂಡ ತೆಳು ಪರದೆಯೊಂದಿದೆ, ನೋಟವೆಲ್ಲ ಬೀಳುವುದು ಅದರ ಮೇಲೆಯೇ. ಆ ಪರದೆಯನ್ನು ಈ ನಾರುಗಳು ಎಳೆದೆಳೆದು ಗೋಡೆಯಿಂದ ಬಿಡಿಸುತ್ತವೆ.

"ಬಲಗಣ್ಣಲ್ಲಿ ಪರದೆ ಪೂರ್ತಿ ಬಿಟ್ಟುಹೋಗಿದೆ. ಮುದುಡಿಕೊಂಡು..." ಎಂದು ಕೈಯಲ್ಲಿ ತೋರಿಸಲು ಹೋದರು.

"ಮಡಚಿದ ಛತ್ರಿ ಹಾಗೆ" ಎಂದಳು ಅಜ್ಜಿ.

ಡಾಕ್ಟರಮ್ಮ ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. "ಹೌದಮ್ಮ, ಹಾಗೇ. ಆ ಕಣ್ಣಿನ ಬಗ್ಗೆ ನಾನು ಆಸೆ ಹುಟ್ಟಿಸಲ್ಲ. ಎಡಗಣ್ಣಲ್ಲಿ ಅಂಚು ಎದ್ದಿದೆ, ನಡುಭಾಗ ಇನ್ನೂ ಕೂತಿದೆ. ಅದನ್ನ ಉಳಿಸ್ಕೊಳ್ಳೋಕೆ ಆಪರೇಷನ್ ಮಾಡ್ಬೇಕು. ಎರಡು ಮೂರು ದಿನದೊಳಗೆ."

"ಬಟ್ಟೇನ ಎಳೆದು ಕೂರಿಸ್ತೀರಾ ತಾಯಿ?"

"ಇಲ್ಲ. ಎಳೀತಿರೋ ನಾರುಗಳನ್ನ ಕತ್ತರಿಸ್ತೀನಿ ಅಷ್ಟೆ. ಎಳೆತ ಬಿಟ್ಟರೆ ಪರದೆ ತಾನಾಗೇ ಕೂರುತ್ತೆ, ವಾರಗಟ್ಟಲೆ ಹಿಡಿಯುತ್ತೆ. ಪರದೇನ ಮುಟ್ಟೋ ಹಾಗಿಲ್ಲ."

"ಸರಿ ಸರಿ. ಬಟ್ಟೆ ಮುಟ್ಟಬಾರದು, ದಾರ ಬಿಡಿಸ್ಬೇಕು."

"ನಿಮಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಹರಿದು ಹರಿದು ಕಲಿತೆ."

ಡಾಕ್ಟರಮ್ಮನ ತುಟಿಯಲ್ಲಿ ನಗು ಬಂದು ಹೋಯಿತು. "ನಾನು ಹರಿದ್ರೆ ಹೊಲಿಯೋಕಾಗಲ್ಲಮ್ಮ. ಅದೇ ವ್ಯತ್ಯಾಸ."

ಅಳಿಯ ಬೇಕರಿಯಲ್ಲಿ ಬ್ರೆಡ್ ಮಾಡುವವನು, ಅಳತೆಯ ಮನುಷ್ಯ. ಹಿಟ್ಟು, ನೀರು, ಉಪ್ಪು, ಬಿಸಿ, ಎಲ್ಲವೂ ಹೇಳಿದ ಹಾಗೇ ಇರಬೇಕು. ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಡಾಕ್ಟರಮ್ಮ ಮುಂದಿಟ್ಟಾಗ ಅವನು ಪೆನ್ನನ್ನು ವಾಪಸು ಇಟ್ಟ.

"ನಾವು ಹೇಳಿದ ದಿನಕ್ಕೇ ಬಂದಿದ್ದೀವಿ ಡಾಕ್ಟ್ರೇ. ಮನೆಗೆ ಕಳಿಸೋವಾಗ ಮೂವತ್ತು ದಿನ ಅಂದ್ರು, ಅಲ್ಲಿಂದ ಮೂವತ್ತನೇ ದಿನ ಬಂದ್ವಿ. ಆ ಆಸ್ಪತ್ರೆಯವರು ತಪ್ಪು ಹೇಳಿದ್ದಾರೆ, ನೀವು ನಮ್ಮನ್ನ ಕೇಳ್ತಿದ್ದೀರಿ. ನಿಮ್ಮ ಹತ್ರ ಕಳಿಸಿದ್ದೂ ಅವರೇ ತಾನೆ? ದಿನ ಎಣಿಸೋಕೆ ಬರದವರನ್ನ ನಂಬಿ ನಾನು ಮಗೂ ಕಣ್ಣಿಗೆ ಕತ್ತರಿ ಹಾಕಿಸ್ಲಾ? ಬೇರೆ ಕಡೆ ತೋರಿಸ್ತೀನಿ. ಹದಿನೈದು ದಿನ ನೋಡೋಣ."

"ಹದಿನೈದು ದಿನ ಬಿಟ್ಟು ಬಂದ್ರೆ ನಾನು ಮಾಡೋಕೆ ಏನೂ ಉಳಿದಿರಲ್ಲ" ಎಂದರು ಡಾಕ್ಟರಮ್ಮ, ದನಿ ಏರಿಸದೆ. "ಮಲಗಿಸೋ ಮದ್ದೂ ಇಷ್ಟು ಚಿಕ್ಕ ಮಗುಗೆ ಅಪಾಯವೇ. ಅದನ್ನೂ ಮುಚ್ಚಿಡಲ್ಲ. ಯೋಚನೆ ಮಾಡಿ. ಆದ್ರೆ ಬೇಗ ಮಾಡಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಹೆರಿಗೆ ಆಸ್ಪತ್ರೆಯವರನ್ನು ಬಯ್ದ. ಮಗಳು ಅತ್ತಳು. ಕಡ್ಡಿ ಹನಿಯ ಮಂಕಿನಲ್ಲಿ, ಅಗಲವಾದ ಕಪ್ಪು ಪಾಪೆಗಳನ್ನು ತೆರೆದುಕೊಂಡು ಅಜ್ಜಿಯ ಮಡಿಲಲ್ಲಿ ಮಲಗಿತ್ತು. ಬೀದಿಯ ಬೆಳಕು, ಮರದ ನೆರಳು, ಮತ್ತೆ ಬೆಳಕು, ಎಲ್ಲವೂ ಆ ಮುಖದ ಮೇಲೆ ಹರಿದುಹೋಗುತ್ತಿದ್ದವು. ಅದರೊಳಗೆ ಏನಾದರೂ ಇಳಿಯುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು. ಈಗ ಹೇಳಬೇಕು, ಈಗ ಹೇಳಬೇಕು ಎಂದು ಅಜ್ಜಿ ಪ್ರತಿ ತಿರುವಿನಲ್ಲೂ ಬಾಯಿ ತೆರೆದಳು. ಪ್ರತಿ ಸಲವೂ ಮಗುವಿನ ಹೊದಿಕೆಯನ್ನಷ್ಟೇ ಸರಿಮಾಡಿದಳು. ನಲವತ್ತು ವರ್ಷ ಯಾವುದನ್ನೂ ತಪ್ಪಿಸದ ಮುದುಕಿ ಎಂದು ಊರೆಲ್ಲ ಅಂದಿತ್ತು. ಆ ಹೆಸರು ಮಾತಿಗೆ ಅಡ್ಡಲಾಗಿ ಕೂತಿತ್ತು.

ಮರುದಿನ ಅಂಗಡಿ ತೆರೆದಳು. ಒಂದು ಛತ್ರಿಯನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಬೆರಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗಲೇ ಇಲ್ಲ. ಕೊನೆಗೆ ಛತ್ರಿಯನ್ನು ಮೊಳೆಗೆ ಹಾಕಿ, ಬಾಗಿಲು ಎಳೆದುಕೊಂಡು, ನಾಲ್ಕು ಬೀದಿ ದಾಟಿ ಬೇಕರಿಗೆ ನಡೆದಳು.

ಬೇಕರಿಯ ಹಿಂಬದಿಯ ಕೋಣೆಯಲ್ಲಿ ಹಿಟ್ಟಿನ ದೂಳು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಅಳಿಯ ಬಿಳಿಯ ಏಪ್ರನ್ನು ಕಟ್ಟಿಕೊಂಡು ತಟ್ಟೆಗಳನ್ನು ಒಲೆಯಿಂದ ಎಳೆಯುತ್ತಿದ್ದ. ಜೊತೆಯವನೊಬ್ಬ, "ಲೋ, ನಿಮ್ಮತ್ತೆ ಬಂದ್ರು. ನನ್ನ ಛತ್ರಿ ರೆಡಿನಾ ಅಜ್ಜಿ? ಅಥವಾ ನಿಮ್ಮ ಲೆಕ್ಕದಲ್ಲಿ ನಾನಿನ್ನೂ ಕೊಟ್ಟೇ ಇಲ್ವಾ?" ಎಂದು ನಕ್ಕ.

ಎಂದಿನ ಹಾಗೆ ಅಜ್ಜಿ ತಿರುಗಿ ಚುಚ್ಚಲಿಲ್ಲ. ಅಳಿಯನಿಗೆ ಅದೇ ಗಾಬರಿಯಾಯಿತು.

"ಮಗು ಹೇಗಿದೆ ಅತ್ತೆ?"

"ಮಲಗಿದೆ. ನಿನ್ನ ಹತ್ರ ಒಂದು ಮಾತು ಹೇಳ್ಬೇಕಪ್ಪ. ಆ ನರ್ಸಮ್ಮ ತಪ್ಪು ಹೇಳಲಿಲ್ಲ."

"ಮತ್ತೆ?"

"ಹುಟ್ಟಿ ಮೂವತ್ತು ದಿನ ಅಂದ್ಲು. ಹುಟ್ಟಿ ಅಂತಲೇ ಅಂದ್ಲು. ನಾನು ಮನೆಗೆ ಬಂದ ದಿನದಿಂದ ಎಣಿಸಿದೆ. ಮಡಿಲಿಗೆ ಬಂದ ದಿನದಿಂದ."

ಅವನು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಬಹಳ ಮೆಲ್ಲನೆ ಇಟ್ಟ.

"ಅಂಗಡಿ ಲೆಕ್ಕ?"

"ಹೂಂ."

"ನನ್ನ ಮಗಳನ್ನ... ಅಂಗಡಿ ಲೆಕ್ಕದಲ್ಲಿ..."

"ಹೂಂ ಕಣಪ್ಪ. ಬಯ್ಯೋದಿದ್ರೆ ಆಮೇಲೆ ಬಯ್ಯಿ, ಸಾಯೋ ತನಕ ಬಯ್ಯಿ. ಡಾಕ್ಟರಮ್ಮಂದು ತಪ್ಪಿಲ್ಲ. ಅವರ ಕೈ ನೋಡಿದ್ದೀನಿ. ಬಟ್ಟೆ ಮುಟ್ಟದೆ ದಾರ ಬಿಡಿಸೋ ಕೈ. ಇವತ್ತೇ ಸಹಿ ಹಾಕು."

ಜೊತೆಯವನ ನಗು ಎಲ್ಲೋ ಇಂಗಿಹೋಗಿತ್ತು. ಒಲೆಯ ಬಾಗಿಲು ತೆರೆದೇ ಇತ್ತು, ಅದರೊಳಗಿನ ಕೆಂಪು ಮೂವರ ಮುಖದ ಮೇಲೂ ಬಡಿಯುತ್ತಿತ್ತು. ಅಳಿಯ ಏಪ್ರನ್ನಿನ ಗಂಟು ಬಿಚ್ಚಲು ಎಳೆದ. ಗಂಟು ಇನ್ನಷ್ಟು ಬಿಗಿಯಾಯಿತು. ಅಜ್ಜಿ ಕೈಚಾಚಿದಳು, ಅವನು ಹಿಂದೆ ಸರಿದ. ತಲೆಯ ಮೇಲಿಂದಲೇ ಎಳೆದು ಹಾಕಿ, "ನಡೀರಿ" ಎಂದ. ಅದಾದ ಮೇಲೆ ಅವನು ಅತ್ತೆಯೊಂದಿಗೆ ಮಾತಾಡಲಿಲ್ಲ.

ಮಗಳಿಗೂ ಅಜ್ಜಿಯೇ ಹೇಳಿದಳು. ಮಗಳು ಎದೆಹಾಲು ಕುಡಿಸುತ್ತಿದ್ದಳು.

"ಹೆತ್ತ ದಿನ ನನಗೂ ಗೊತ್ತಿತ್ತಲ್ಲಮ್ಮ" ಎಂದಳು. "ನಾನೂ ಎಣಿಸ್ಬಹುದಿತ್ತು. ಆದ್ರೂ ನಿನ್ನ ಮೇಲೆ ತುಂಬಾ ಕೋಪ ಬರ್ತಿದೆ."

"ಬರ್ಲಿ ಬಿಡು."

"ಬರ್ತಾನೇ ಇದೆ."

"ಬರ್ಲಿ ಕಣೆ."

ಆಪರೇಷನ್ನಿನ ಬೆಳಿಗ್ಗೆ ನಾಲ್ಕು ಗಂಟೆ ಕಾಲ ಕಡ್ಡಿಗೆ ಹಾಲು ಕೊಡುವಂತಿರಲಿಲ್ಲ. ಅಷ್ಟೂ ಹೊತ್ತು ಅದು ಹಸಿದು ಕಿರುಚಿತು. ಅಷ್ಟು ಚಿಕ್ಕ ಎದೆಗೂಡಿನಲ್ಲಿ ಅಷ್ಟು ದೊಡ್ಡ ಕೋಪ ಎಲ್ಲಿತ್ತೋ. "ಅಜ್ಜಿಗೆ ಬಯ್ತಿದ್ದಾಳೆ" ಎಂದಳು ಅಜ್ಜಿ. ಹಸಿರು ಟೊಪ್ಪಿಯ ನರ್ಸು ಬಂದು, ಬೆಚ್ಚಗಿನ ಹತ್ತಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡು ಹೋದಳು. ಎರಡು ಬಾಗಿಲುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಕಿರುಚು ಮೊದಲು ದೂರವಾಯಿತು, ಆಮೇಲೆ ತೆಳ್ಳಗಾಯಿತು, ಆಮೇಲೆ ನಿಂತಿತು. ನಿಂತದ್ದೇ ಹೆಚ್ಚು ಭಯವಾಯಿತು.

ಕಾಯುವ ಮೊಗಸಾಲೆಯಲ್ಲಿ ಉದ್ದನೆಯ ಕಿಟಕಿಗಳಿದ್ದವು. ಗಾಜಿಗೆ ಹಾಲಿನ ಬಣ್ಣ ಬಳಿದಿದ್ದರಿಂದ ಹೊರಗಿನದೇನೂ ಕಾಣುತ್ತಿರಲಿಲ್ಲ. ಬೆಳಕು ಮಾತ್ರ ಸೋಸಿಕೊಂಡು ಬಂದು ನೆಲದ ಮೇಲೆ ನಿಂತಿತ್ತು. ಮಗಳು ಗಂಡನ ಭುಜಕ್ಕೊರಗಿದ್ದಳು. ಅಜ್ಜಿ ಎದುರಿನ ಬೆಂಚಿನಲ್ಲಿ ಒಬ್ಬಳೇ, ಖಾಲಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಳು. ಅಭ್ಯಾಸದಂತೆ ಕಣ್ಣು ಮುಚ್ಚಿದಳು.

ಮುಚ್ಚಿದ್ದೇ ತಡ, ಅವಳು ಒಂದು ದುಂಡನೆಯ ಕೋಣೆಯೊಳಗಿದ್ದಳು.

ಕೋಣೆಗೆ ಮೂಲೆಯಿಲ್ಲ. ಗೋಡೆ ನೆಲವಾಗಿ, ನೆಲ ಮತ್ತೆ ಗೋಡೆಯಾಗಿ, ಗೋಡೆಯೇ ಸೂರಾಗಿ ತಿರುಗಿಕೊಂಡು ಬರುತ್ತಿತ್ತು. ಅದರ ತುಂಬ ತಿಳಿ ನೀರಿನಂಥದ್ದೇನೋ ತುಂಬಿತ್ತು, ಅದರಲ್ಲಿ ಅವಳು ಮುಳುಗಲೂ ಇಲ್ಲ, ತೇಲಲೂ ಇಲ್ಲ. ಗೋಡೆಯುದ್ದಕ್ಕೂ ನಸುಗೆಂಪು ಬಟ್ಟೆ. ಅಷ್ಟು ತೆಳು ಬಟ್ಟೆಯನ್ನು ಅವಳ ಬೆರಳು ಎಂದೂ ಮುಟ್ಟಿರಲಿಲ್ಲ. ಉಸಿರು ತಾಗಿದರೂ ನಲುಗುವಂಥದು. ಒಂದು ಬದಿಯಲ್ಲಿ ಅದು ಗೋಡೆ ಬಿಟ್ಟು ಎದ್ದು, ಗಾಳಿ ತುಂಬಿದ ಹಾಗೆ ಉಬ್ಬಿಕೊಂಡಿತ್ತು. ಉಬ್ಬಿದ ಕಡೆಯಿಂದ ಬಿಳಿಯ ನಾರುಗಳು ಹೊರಟು ಕೋಣೆಯ ನಡುವಿಗೆ ಜಗ್ಗಿಕೊಂಡಿದ್ದವು. ಒಂದೊಂದೂ ತಂತಿಯಷ್ಟು ಬಿಗಿ. ಅಜ್ಜಿಗೆ ಬಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕೆನಿಸಿತು. ಕೈ ನೋಡಿಕೊಂಡರೆ ಕೈಯೇ ಇರಲಿಲ್ಲ.

ಆಗ ಗೋಡೆಯಲ್ಲಿ ಒಂದು ಚುಕ್ಕೆ ತೆರೆದು, ಅದರಿಂದ ದೀಪ ಬಂತು. ಕಡ್ಡಿಯಷ್ಟು ತೆಳ್ಳಗಿನ ದೀಪ. ಇನ್ನೊಂದು ಚುಕ್ಕೆಯಿಂದ ಇನ್ನೊಂದು ಕಡ್ಡಿ ಬಂತು, ಅದರ ತುದಿ ಸದ್ದಿಲ್ಲದೆ ಮೇಯುತ್ತಿತ್ತು. ದೀಪ ಮುಂದೆ, ಅದು ಹಿಂದೆ. ಮೊದಲ ನಾರಿನ ಹತ್ತಿರ ಬಂದು ನಿಂತಿತು. ಅವಸರವಿಲ್ಲ. ಸುತ್ತಲೂ ನೋಡಿತು. ಕಚ್ಚಿತು. ನಾರು ತುಂಡಾಗಿ ಎರಡೂ ಕಡೆ ಸುರುಳಿ ಸುತ್ತಿಕೊಂಡಿತು, ಬಟ್ಟೆ ಒಂದು ಸಣ್ಣ ನಿಟ್ಟುಸಿರು ಬಿಟ್ಟಿತು. ಅಜ್ಜಿಗೆ ಆ ನಿಟ್ಟುಸಿರು ಕೇಳಿಸಿತು, ಆಣೆ ಮಾಡಿ ಹೇಳಬಲ್ಲಳು. ಎರಡನೆಯದು. ಮೂರನೆಯದು. ಒಂದು ನಾರು ಬಟ್ಟೆಗೆ ಅಂಟಿಯೇ ಇತ್ತು. ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ. ಬೇಡ ತಾಯಿ, ಅದನ್ನ ಬಿಡು, ಎಳೆದರೆ ಹರಿಯುತ್ತೆ, ಎಂದು ಅಜ್ಜಿ ಇಲ್ಲದ ಬಾಯಿಯಿಂದ ಕೂಗಿದಳು. ಕೇಳಿಸಿಕೊಂಡಿತೋ ಎಂಬಂತೆ ದೀಪ ಅಲ್ಲೇ ತಡೆಯಿತು. ಬಹಳ ಹೊತ್ತು ತಡೆಯಿತು. ಆಮೇಲೆ ಮೆಲ್ಲಗೆ ಹಿಂದೆ ಸರಿದು, ಆ ಒಂದನ್ನು ಹಾಗೇ ಬಿಟ್ಟು, ಪಕ್ಕದ್ದಕ್ಕೆ ಹೋಯಿತು.

"ಅಮ್ಮಾ, ಏಳು. ಡಾಕ್ಟರಮ್ಮ ಬಂದ್ರು."

ನೆಲದ ಮೇಲಿನ ಬೆಳಕು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಸರಿದಿತ್ತು. ಡಾಕ್ಟರಮ್ಮನ ಹಣೆಯ ಮೇಲೆ ಟೊಪ್ಪಿಯ ಗೆರೆ ಮೂಡಿತ್ತು.

"ಉಸಿರಾಟ ಚೆನ್ನಾಗಿದೆ. ಒಂದು ದಿನ ಇಲ್ಲೇ ಇಟ್ಕೊಂಡು ನೋಡ್ತೀವಿ" ಎಂದರು. "ಮುಖ್ಯವಾದ ಎಳೆತಗಳನ್ನೆಲ್ಲ ಬಿಡಿಸಿದ್ದೀನಿ. ಒಂದು ಕಡೆ ಮಾತ್ರ ನಾರು ಪರದೆಗೆ ಅಂಟ್ಕೊಂಡಿತ್ತು. ಅಲ್ಲಿ ಕೈ ಹಾಕಲಿಲ್ಲ."

ಅಜ್ಜಿ ಎರಡೂ ಕೈ ಮುಗಿದಳು. ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ಮುದುಕಿಗೆ ಅರಳುಮರಳು ಎನ್ನುತ್ತಿದ್ದರು; ಅಲ್ಲದೆ ಸಾವಿರಾರು ಛತ್ರಿ ಬಿಚ್ಚಿದವಳಿಗೆ ಎಲ್ಲಿ ತಡೆಯಬೇಕೆಂದು ತಿಳಿಯುವುದು ಅಂಥ ದೊಡ್ಡ ಪವಾಡವೂ ಅಲ್ಲ.

"ಕಾಣುತ್ತಾ ಡಾಕ್ಟ್ರೇ?" ಎಂದು ಅಳಿಯ ಕೇಳಿದ.

"ಪರದೆ ಕೂತ್ಕೊಳ್ಳುತ್ತಾ ಅನ್ನೋದನ್ನ ನಾನು ನೋಡಿ ಹೇಳ್ತೀನಿ. ಕಾಣುತ್ತಾ ಅನ್ನೋದನ್ನ ಅವಳೇ ಹೇಳ್ಬೇಕು."

ಆಮೇಲಿನ ದಿನಗಳು ಹನಿಗಳ ದಿನಗಳು. ಒಂದು ಹನಿ ದಿನಕ್ಕೆ ಆರು ಸಲ, ಇನ್ನೊಂದು ನಾಲ್ಕು ಸಲ, ಮತ್ತೊಂದು ಎರಡು ಸಲ. ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದೂ ಎಳೆಯದ ಹಾಗೆ ಎಳೆದು ಹಾಕಬೇಕು. ಅಜ್ಜಿಯ ಬೆರಳಿಗಿಂತ ಹಗುರಾದ ಬೆರಳು ಆ ಮನೆಯಲ್ಲಿರಲಿಲ್ಲ, ಹಾಗಾಗಿ ಅವಳೇ ಹಾಕುತ್ತಿದ್ದಳು. ಹೊತ್ತು ನೋಡಿಕೊಳ್ಳುವವನು ಮಾತ್ರ ಅಳಿಯ. ಗೋಡೆಗೆ ಕಾಗದ ಅಂಟಿಸಿ, ಗಂಟೆ ಬರೆದು, ಒಂದೊಂದು ಹನಿಗೂ ಅಡ್ಡಗೆರೆ ಹಾಕುತ್ತಿದ್ದ. ಎರಡೇ ಕೋಣೆಯ ಮನೆ. ಅತ್ತೆ ಮೂರು ಅಡಿ ದೂರದಲ್ಲಿ ಕೂತಿದ್ದರೂ ಅವನು ಹೆಂಡತಿಗೇ ಹೇಳುವನು.

"ನಿಮ್ಮಮ್ಮಂಗೆ ಹೇಳು, ಬಿಳಿ ಮುಚ್ಚಳದ್ದು ಹಾಕೋ ಹೊತ್ತಾಯ್ತು."

ಅಜ್ಜಿ ಮಗುವಿನ ಕಡೆ ಬಗ್ಗುವಳು. "ಕಡ್ಡಿ, ನಿಮ್ಮಪ್ಪಂಗೆ ಹೇಳಮ್ಮ, ಹಾಕಾಯ್ತು ಅಂತ."

"ನಾನೇನು ಇಬ್ಬರ ನಡುವೆ ಟೆಲಿಫೋನಾ?" ಎಂದು ಮಗಳು ಸಿಡುಕುವಳು.

ವಾರಗಳು ನೀರಿನಡಿಯ ಹೆಜ್ಜೆಗಳ ಹಾಗೆ ನಡೆದವು. ಎರಡನೇ ವಾರ, ನಾಲ್ಕನೇ ವಾರ, ಏಳನೇ ವಾರ ತಲೆಗೆ ದೀಪ ಕಟ್ಟಿಕೊಂಡು ಡಾಕ್ಟರಮ್ಮ ನೋಡಿದರು. ಎದ್ದ ಅಂಚು ಮೆಲ್ಲಮೆಲ್ಲನೆ ಇಳಿಯುತ್ತಿದೆ ಎಂದರು. ಕೂತಿದೆ ಎಂದರು. ಆದರೆ ಕಡ್ಡಿ ಯಾರನ್ನೂ ನೋಡುತ್ತಿರಲಿಲ್ಲ. ಕರೆದರೆ ಕಿವಿ ನಿಮಿರಿಸುವುದು, ಹಾಲಿನ ವಾಸನೆಗೆ ತಿರುಗುವುದು; ಕಣ್ಣು ಮಾತ್ರ ಎಲ್ಲೋ ಮೋಡದ ಆಚೆ. ಮಗಳು ಬಣ್ಣದ ಬಟ್ಟೆ ಆಡಿಸಿದಳು, ಗಿಲಕಿ ತಂದಳು. ಗಿಲಕಿಗೆ ತಿರುಗಿದರೆ ಅದು ಸದ್ದಿಗೋ ಕಾಣುವುದಕ್ಕೋ ಗೊತ್ತಾಗುತ್ತಿರಲಿಲ್ಲ. ಆಸೆಯನ್ನೂ ಹನಿಯ ಹಾಗೆ ಎಣಿಸಿ ಎಣಿಸಿ ಬಳಸತೊಡಗಿದರು. ಅಜ್ಜಿ ಎದ್ದಾಗಿನಿಂದ ಮಲಗುವ ತನಕ ಆ ಎಡಗಣ್ಣನ್ನು ಕಾದಳು. ನನ್ನ ಎರಡನ್ನೂ ತಗೊಂಡು ಅದಕ್ಕೊಂದು ಕೊಡು ಎಂದು ಯಾರಿಗೆ ಹೇಳಬೇಕೋ ತಿಳಿಯದೆ ಗೋಡೆಗೆ ಹೇಳಿದಳು.

ಹತ್ತನೇ ವಾರದ ಒಂದು ಬೆಳಿಗ್ಗೆ. ಅಳಿಯ ಬೇಕರಿಯಿಂದ ಬಂದು, ಬಟ್ಟೆಯನ್ನೂ ಬದಲಿಸದೆ, ಕಿಟಕಿಯ ಹತ್ತಿರ ಮಲಗಿಸಿದ್ದ ಮಗುವನ್ನು ದಾಟಿ ನೀರು ಕುಡಿಯಲು ಹೋದ. ಅಜ್ಜಿ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಹೊರಗೆ ಒಮ್ಮೆಗೇ ಸದ್ದು ನಿಂತಿತು. ಲೋಟ ಕೆಳಗಿಟ್ಟದ್ದೂ ಕೇಳಲಿಲ್ಲ.

"ಅತ್ತೆ" ಎಂಬ ದನಿ ಬಂತು. ಪಿಸುದನಿ. "ಅತ್ತೆ, ಬನ್ನಿ ಇಲ್ಲಿ. ಸದ್ದು ಮಾಡ್ಬೇಡಿ."

ಅಜ್ಜಿ ಹೊಸ್ತಿಲಲ್ಲಿ ಬಂದು ನಿಂತಳು. ಅವನು ಕಿಟಕಿ ಮತ್ತು ಮಗುವಿನ ನಡುವೆ ನಿಂತಿದ್ದ. ಮೈಮೇಲೆ ಬಿಳಿಯ ಏಪ್ರನ್ನು, ಹಿಂದಿನಿಂದ ಬೆಳಕು. ಚಪ್ಪಲಿ ಬಿಟ್ಟಿದ್ದ. ಉಸಿರು ಬಿಗಿಹಿಡಿದು, ಬೆಕ್ಕಿನ ಹಾಗೆ ಎಡಕ್ಕೆ ಒಂದು ಹೆಜ್ಜೆ ಸರಿದ. ಇನ್ನೊಂದು.

ಕಡ್ಡಿಯ ಬಲಗಣ್ಣು ಎಂದಿನಂತೆ ಎಲ್ಲೋ ಇತ್ತು. ಎಡಗಣ್ಣು ಅವನ ಹಿಂದೆ ಹೋಯಿತು. ಮೊದಲು ಕಣ್ಣು, ಆಮೇಲೆ ಗಲ್ಲ, ಆಮೇಲೆ ಪೂರ್ತಿ ತಲೆ.

"ನೋಡಿದ್ರಾ?"

ಅಜ್ಜಿ ತಲೆಯಾಡಿಸಿದಳು. ಮಾತಾಡಿದರೆ ಮಗು ಸದ್ದಿಗೆ ತಿರುಗೀತೆಂದು ಭಯ.

ಅವನು ಬಲಕ್ಕೆ ನಡೆದ. ಬಿಳುಪಿನ ಹಿಂದೆ ಕಣ್ಣು ಬಲಕ್ಕೆ ಬಂತು, ಸ್ವಲ್ಪ ತಡವಾಗಿ, ಭಾರದ್ದೇನನ್ನೋ ಹೊತ್ತುಕೊಂಡು ಬರುವವರ ಹಾಗೆ. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಎಷ್ಟು ಸಲ ನಡೆದನೋ ಅವನೇ ಬಲ್ಲ. ಅಳತೆಯ ಮನುಷ್ಯ ಎಣಿಸುವುದನ್ನೇ ಬಿಟ್ಟಿದ್ದ. ಸ್ನಾನ ಮುಗಿಸಿ ಒದ್ದೆಗೂದಲಲ್ಲಿ ಬಂದ ಮಗಳು, "ಏನ್ರೀ ಇದು, ಏನು ಕಳ್ಕೊಂಡ್ರಿ?" ಎಂದವಳು ಅಮ್ಮನ ಮುಖ ನೋಡಿ, ಮಗುವಿನ ಮುಖ ನೋಡಿ, ಹೊಸ್ತಿಲಲ್ಲೇ ಕೂತು ತಾನೂ ನೋಡತೊಡಗಿದಳು.

ಓದುವಷ್ಟು ಕಾಣುತ್ತದೋ, ದಪ್ಪ ಕನ್ನಡಕ ಬೇಕೋ, ಬರೀ ಬಿಳುಪು ಕಪ್ಪು ಅಷ್ಟೇಯೋ, ಅದೆಲ್ಲ ಮುಂದಿನ ಮಾತು. ಡಾಕ್ಟರಮ್ಮ ಆಗಲೇ ಹೇಳಿದ್ದರು, ಇದು ವರ್ಷಗಳ ಕೆಲಸ ಎಂದು. ಅದು ಯಾರ ತಲೆಯಲ್ಲೂ ಆಗ ಇರಲಿಲ್ಲ.

ಅಳಿಯ ಬೆವರೊರೆಸಿಕೊಂಡು ಪಕ್ಕಕ್ಕೆ ಸರಿದ. ಹೆಂಡತಿಯ ಕಡೆ ನೋಡಲಿಲ್ಲ, ಅತ್ತೆಯ ಕಡೆಗೇ ತಿರುಗಿದ.

"ಈಗ ನೀವು ನಿಂತ್ಕೊಳ್ಳಿ ಅತ್ತೆ."

"ನನ್ನ ಬಟ್ಟೆ ಕಪ್ಪಲ್ವೇನೋ ಮಾರಾಯ. ನಾನೆಲ್ಲಿ ಕಾಣ್ತೀನಿ."

"ನಿಂತ್ಕೊಳ್ಳಿ ಅಂದೆ."

ಅಜ್ಜಿ ಬೆಳಕಿಗೆ ಬಂದು ನಿಂತಳು. ಎಡಗಣ್ಣು ಇನ್ನೂ ಅಪ್ಪ ನಿಂತಿದ್ದ ಖಾಲಿ ಜಾಗದಲ್ಲೇ ಇತ್ತು. ಯಾರೂ ಕರೆಯಲಿಲ್ಲ, ಗಿಲಕಿ ಮುಟ್ಟಲಿಲ್ಲ. ಅಜ್ಜಿಗೆ ಕಾಯುವುದು ಕಷ್ಟವೇ? ಕಾದಳು. ಕಣ್ಣು ಕಿಟಕಿಯ ಅಂಚಿಗೆ ಬಂತು, ಅಲ್ಲಿ ತಂಗಿತು, ಮತ್ತೆ ಹೊರಟು ಅವಳ ಭುಜದ ತನಕ ಬಂತು. ಅಲ್ಲಿಗೆ ಸುಸ್ತಾಗಿ ರೆಪ್ಪೆ ಮುಚ್ಚಿಕೊಂಡಿತು.